ಇಕಾರಿಯಾಕ್ಕೆ ಹೋಗಿಬಂದ ವರ್ಷ

ಕಳೆದ ಜೂನ್‌ನಲ್ಲಿ ಮಗಳ ಜೊತೆ ಮಿಲ್ಪಿಟಾಸ್‌ನ ಹಿಂದಿನ ಗುಡ್ಡ ಹತ್ತುತ್ತಿದ್ದೆ. ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು. ದಾರಿಗೆ ಬಾಗಿದ್ದ ಯಾವುದೋ ಪೊದೆ ಅವಳ ಬೂಟಿನಡಿ ಸಿಕ್ಕಿ ನುರಿಯಿತು. ಅಜವಾನದಂಥ, ಸ್ವಲ್ಪ ಕರ್ಪೂರದಂಥ ಒಂದು ವಾಸನೆ ಮೇಲೆದ್ದಿತು. ನನ್ನ ಕಾಲುಗಳು ಅಲ್ಲೇ ನಿಂತವು. ಮಗಳು ಹಿಂತಿರುಗಿ, “ಅಮ್ಮೀ, ಆರ್ ಯು ಓಕೇ?” ಅಂದಳು. ಬಿಸಿಲು ಹೆಚ್ಚಾಯಿತು ಅಂದೆ. ತನಗೆ ಒಬ್ಬಳು ಅಕ್ಕ ಇದ್ದಳೆಂಬುದು ಅವಳಿಗೆ ಗೊತ್ತಿಲ್ಲ. ಅವಳ ಹತ್ತೊಂಬತ್ತು ವರ್ಷದಲ್ಲಿ ಹೇಳುವ ಸಂದರ್ಭ ನೂರು ಸಲ ಬಂದಿತ್ತು, ನೂರು ಸಲವೂ ನಾನು ಬೇರೆ ಮಾತು ತೆಗೆದಿದ್ದೆ. ಕನ್ನಡ ಅವಳಿಗೆ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಆದರೂ ಹೇಳಬೇಕಾದ್ದನ್ನು ಮೊದಲು ನನ್ನ ಅಕ್ಷರದಲ್ಲಿ ಬರೆದಿಟ್ಟುಕೊಳ್ಳೋಣವೆಂದು ಕೂತಿದ್ದೇನೆ.

ನಾನು ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆರು ವರ್ಷ ಭೂಗೋಳ ಕಲಿಸಿದವಳು. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಗ್ರೀಸ್ ಬಂದಾಗ ಕೋಲಿನ ತುದಿಯನ್ನು ಸಮುದ್ರದ ಮೇಲೆ ಒಂದು ಸುತ್ತು ಆಡಿಸಿ, ಇಲ್ಲಿ ಸಾವಿರಾರು ದ್ವೀಪಗಳಿವೆ ಎಂದು ಹೇಳಿ ಇಟಲಿಗೆ ದಾಟಿಬಿಡುತ್ತಿದ್ದೆ. ಮದುವೆಯಾದ ಮೇಲೆ, ತೊಂಬತ್ತೊಂಬತ್ತರ ಬೇಸಿಗೆಯಲ್ಲಿ, ಗಂಡ ಅನ್ವರ್ ಇದ್ದ ಅಮೆರಿಕದ ಹೇವರ್ಡ್‌ಗೆ ಬಂದೆ. ಅನ್ವರ್ ಹುಬ್ಬಳ್ಳಿಯವರು. ಮನೆಬಾಗಿಲಿಗೆ ತರಕಾರಿ ತಲುಪಿಸುವ ಒಂದು ಹೊಸ ಕಂಪನಿಯ ಗೋದಾಮಿನಲ್ಲಿ ಅವರ ಕೆಲಸ. ಅಲ್ಲಿ ಉದ್ದಾನುದ್ದ ಬೆಲ್ಟುಗಳ ಮೇಲೆ ಬುಟ್ಟಿಗಳು ಓಡುತ್ತಿದ್ದವು. ಯಾವ ಬುಟ್ಟಿ ಯಾವ ವ್ಯಾನಿಗೆ ಹೋಗಬೇಕೆಂದು ಹೇಳುವ ಪ್ರೋಗ್ರಾಮನ್ನು ಅವರು ನೋಡಿಕೊಳ್ಳುತ್ತಿದ್ದರು. ಆಗ ಫ್ರೀವೇಯ ಎರಡೂ ಬದಿಯ ಬೋರ್ಡುಗಳಲ್ಲಿ ದಿನಕ್ಕೊಂದು ಹೊಸ ಕಂಪನಿಯ ಹೆಸರು ಏರುತ್ತಿತ್ತು. ಯಾರನ್ನು ಕೇಳಿದರೂ ಇನ್ನೊಂದು ವರ್ಷ, ಆಮೇಲೆ ಆರಾಮು ಎನ್ನುತ್ತಿದ್ದರು. ಅನ್ವರ್ ಕತ್ತಲಿರುವಾಗಲೇ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರು.

ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಅಪಾರ್ಟ್‌ಮೆಂಟಿನಿಂದ ಗ್ರೋಸರಿ ಅಂಗಡಿಯ ತನಕ ನಡೆದು ಹೋಗುತ್ತಿದ್ದೆ, ಆ ಉದ್ದನೆಯ ರಸ್ತೆಯಲ್ಲಿ ನಡೆಯುವವಳು ನಾನೊಬ್ಬಳೇ. ನಲವತ್ತು ಹುಡುಗಿಯರ ಗದ್ದಲದ ನಡುವೆ ದಿನವಿಡೀ ಮಾತಾಡಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದವಳಿಗೆ ಈಗ ಸಂಜೆಯಾದರೂ ಬಾಯಿ ಬಿಡುವ ಪ್ರಸಂಗ ಬರುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ನನ್ನ ದನಿ ಇದೆಯೋ ಇಲ್ಲವೋ ನೋಡಲು ಅಡಿಗೆಮನೆಯಲ್ಲಿ ನಿಂತು ಖಂಡಗಳ ಹೆಸರನ್ನು ಜೋರಾಗಿ ಹೇಳಿದ್ದು ನೆನಪಿದೆ.

ಕೆಳಗಿನ ಮನೆಯಲ್ಲಿ ಕತೆರಿನಾ ಎಂಬ ಮುದುಕಿ ಒಬ್ಬರೇ ಇದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಸದಾ ಕಪ್ಪು ಉಡುಪು. ಊರಿನ ಟೊಮೇಟೊ ಡಬ್ಬಿ ಕಾರ್ಖಾನೆಯಲ್ಲಿ, ಅದು ಮುಚ್ಚುವ ತನಕ, ಇಪ್ಪತ್ತು ವರ್ಷ ಬೆಲ್ಟಿನ ಮುಂದೆ ನಿಂತು ಕೊಳೆತ ಹಣ್ಣು ಆರಿಸಿದವರು. ಅವರ ಇಂಗ್ಲಿಷೂ ಅಲ್ಲೇ ಕಲಿತದ್ದು, ಕ್ರಿಯಾಪದವಿಲ್ಲದ ಇಂಗ್ಲಿಷ್. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ ಪೀಟರ್ ಎಮರಿವಿಲ್‌ನಲ್ಲಿ ಸ್ನೇಹಿತರ ಜೊತೆ ಕಂಪನಿ ತೆಗೆದಿದ್ದ, ಭಾನುವಾರ ಬಂದು ಅರ್ಧ ಗಂಟೆ ಕೂತು ಹೋಗುತ್ತಿದ್ದ. ನಾನು ಭೂಗೋಳದ ಟೀಚರಾಗಿದ್ದೆ ಎಂದಾಗ ಕತೆರಿನಾ ನನ್ನನ್ನು ಪರೀಕ್ಷೆ ಮಾಡಿದರು: ಇಕಾರಿಯಾ ಎಲ್ಲಿದೆ? ನನಗೆ ಗೊತ್ತಿರಲಿಲ್ಲ. ಲೈಬ್ರರಿಗೆ ಹೋಗಿ ದೊಡ್ಡ ಅಟ್ಲಾಸ್ ತೆಗೆದು ನೋಡಿದೆ. ಗ್ರೀಸಿನ ದ್ವೀಪ, ಟರ್ಕಿಯ ದಡಕ್ಕೆ ಹತ್ತಿರ, ಉದ್ದಕ್ಕೆ ಬೆಟ್ಟದ ಬೆನ್ನೆಲುಬಿರುವ ಒಂದು ಸಣ್ಣ ಗೆರೆ. ಅದು ಅವರ ಊರು.

ಆ ಡಿಸೆಂಬರಿನಲ್ಲಿ ನಾನು ಐದು ತಿಂಗಳ ಬಸುರಿ. ಒಂದು ಸಂಜೆ ಹೊಟ್ಟೆ ನೋವು ಶುರುವಾಯಿತು. ಆಸ್ಪತ್ರೆ ಸೇರಿದ್ದು ನೆನಪಿದೆ, ಆಮೇಲಿನದು ಬಿಟ್ಟುಬಿಟ್ಟು ನೆನಪಿದೆ. ಹೆಣ್ಣು ಎಂದು ನರ್ಸ್ ಹೇಳಿದಳು. ಒಂದು ಫಾರ್ಮಿಗೆ ಅನ್ವರ್ ಸಹಿ ಮಾಡಿದರು. ಮುಂದಿನ ವ್ಯವಸ್ಥೆಯನ್ನು ಆಸ್ಪತ್ರೆಯವರೇ ನೋಡಿಕೊಳ್ಳಲಿ ಎನ್ನುವ ಫಾರ್ಮು ಅದು. ಎರಡು ದಿನದ ಮೇಲೆ ಖಾಲಿ ಕೈಯಲ್ಲಿ ಮನೆಗೆ ಬಂದೆವು. ಹೊಸ ಸಾವಿರ ವರ್ಷ ಹುಟ್ಟುವ ಹೊತ್ತಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂದು ಎಲ್ಲ ಕಡೆ ದಿಗಿಲಿತ್ತು. ಅನ್ವರ್ ಮರುದಿನವೇ ಗೋದಾಮಿಗೆ ಹೋದರು.

ನಮ್ಮಲ್ಲಿ ಹೊಟ್ಟೆಯಲ್ಲೇ ಹೋದ ಐದು ತಿಂಗಳ ಕೂಸಾದರೂ ಹೆಸರಿಟ್ಟು, ಮೈತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ಮಣ್ಣು ಕೊಡುತ್ತಾರೆ. ಇದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ. ಅವರು ಎತ್ತಲಿ ಎಂದು ನಾನು ಕಾಯುತ್ತಿದ್ದೆ. ತಿಂಗಳು ಕಳೆದಂತೆ ಕಾಯುವುದು ಸಿಟ್ಟಾಯಿತು. ಅವರ ತಟ್ಟೆಗೆ ಬಡಿಸುತ್ತಿದ್ದೆ, ಅಂಗಿ ಇಸ್ತ್ರಿ ಮಾಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ.

ಕತೆರಿನಾ ದಿನಾ ಮೆಟ್ಟಿಲು ಹತ್ತಿ ನಿಂಬೆಹಣ್ಣು ಹಿಂಡಿದ ಸಾರು ತರುತ್ತಿದ್ದರು. ಮೊಣಕಾಲು ನೋವು, ನಡುವೆ ಎರಡು ಸಲ ನಿಲ್ಲಬೇಕು. ಸಮಾಧಾನದ ಮಾತು ಒಂದೂ ಹೇಳಲಿಲ್ಲ. ಒಂದು ದಿನ ಬಟ್ಟಲು ತೊಳೆಯುತ್ತ ಬೆನ್ನು ಮಾಡಿಯೇ, “ಎಲ್ಲಿ ಇಟ್ಟರು?” ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಅವರು ನಲ್ಲಿ ನಿಲ್ಲಿಸಿ, ಬಟ್ಟಲು ಒರೆಸಿಕೊಂಡು ಕೆಳಗೆ ಹೋದರು.

ವಸಂತಕ್ಕೆ ಷೇರು ಬಜಾರು ಜಾರಿತು. ಜೂನ್‌ನಲ್ಲಿ ತಾಯಿಯನ್ನು ಊರಿಗೆ ಕರೆದೊಯ್ಯುತ್ತೇನೆಂದು ಟಿಕೆಟ್ ತೆಗೆಸಿದ್ದ ಪೀಟರ್‌ಗೆ ಈಗ ಬಿಡುವಾಗಲಿಲ್ಲ. ಬಂಡವಾಳ ಹಾಕಿದವರು ದಿನಾ ಮೀಟಿಂಗು ಕರೆಯುತ್ತಿದ್ದರು. ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡೇ ನಮ್ಮ ಬಾಗಿಲಿಗೆ ಬಂದು, ಅಮ್ಮ ಒಬ್ಬಳೇ ಹೋಗಲಾರಳು, ಬೇರೆ ಯಾರೂ ಬೇಡ, ಮೇಲಿನ ಮನೆ ಹುಡುಗಿಯೇ ಬರಲಿ ಎನ್ನುತ್ತಾಳೆ ಎಂದ. ಖರ್ಚೆಲ್ಲ ತನ್ನದು, ಎರಡು ವಾರದ ಮಾತು. ರಾತ್ರಿ ಊಟದ ಹೊತ್ತಿಗೆ ಅನ್ವರ್‌ಗೆ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತದೆ, “ಹೋಗಿ ಬಾ. ಇಲ್ಲಿದ್ದರ ಏನ ಮಾಡ್ತಿ?” ಅಂದರು. ನಾನಿಲ್ಲದಿದ್ದರೆ ಅವರಿಗೆ ಹಗುರ ಎಂದೇ ನನಗೆ ಅದು ಕೇಳಿಸಿತು.

ಅಥೆನ್ಸ್‌ನಿಂದ ಬೆಳಿಗ್ಗೆ ಬಿಟ್ಟ ಹಡಗು ಸಂಜೆಗೆ ಮುಟ್ಟಿಸಿತು. ಹಡಗಿನಲ್ಲಿದ್ದ ಪ್ರವಾಸಿಗಳೆಲ್ಲ ಬಿಳಿ ಮನೆಗಳ, ಚೆಲುವಾದ ದಡಗಳ ದ್ವೀಪಗಳಲ್ಲಿ ಇಳಿದುಹೋಗಿದ್ದರು. ಇಕಾರಿಯಾದಲ್ಲಿ ಇಳಿದವರು ನಾವು, ಕೆಲವು ಸೈನಿಕ ಹುಡುಗರು, ಕೋಳಿಪಂಜರ ಹಿಡಿದ ಒಬ್ಬಾತ. ಸಮುದ್ರದಿಂದ ನೆಟ್ಟಗೆ ಎದ್ದ ಬೆಟ್ಟ, ನೆತ್ತಿಯಲ್ಲಿ ಮೋಡ. ಗಾಳಿ ಎಷ್ಟು ಜೋರಿತ್ತೆಂದರೆ ಕತೆರಿನಾ ನನ್ನ ತೋಳು ಬಿಡಲಿಲ್ಲ. ಒಂದು ಹಳೆಯ ಟ್ರಕ್ಕು ತಿರುವುಗಳನ್ನು ಹತ್ತಿ ಹತ್ತಿ ಮೇಲಿನ ಊರಿಗೆ ಒಯ್ದಿತು. ದಾರಿಯಲ್ಲಿ ಆಡುಗಳಿಗಾಗಿ ನಿಂತು ನಿಂತು ಹೋದೆವು. ಕಲ್ಲಿನ ಗೋಡೆ ಕಟ್ಟಿ ಮಾಡಿದ ಮೆಟ್ಟಿಲು ಹೊಲಗಳಲ್ಲಿ ಅರ್ಧಕ್ಕರ್ಧ ಬೀಳುಬಿದ್ದಿದ್ದವು.

ಕತೆರಿನಾ ಮನೆಯ ಸೂರು ಕುಸಿದು ಒಳಗೆ ಅಂಜೂರದ ಮರ ಬೆಳೆದಿತ್ತು. ನಾವು ಇಳಿದುಕೊಂಡದ್ದು ಪಕ್ಕದ ಮನೆಯಲ್ಲಿ, ಅವರ ಬಾಲ್ಯದ ಗೆಳತಿ ಅರ್ಗಿರೋ ಬಳಿ. ಅರ್ಗಿರೋ ಗಿಡ್ಡಗೆ, ಗಟ್ಟಿಮುಟ್ಟಾದ ಹೆಂಗಸು, ವಿಧವೆ, ಮಾತು ಕಡಿಮೆ. ನಲವತ್ತನಾಲ್ಕು ವರ್ಷದ ಮೇಲೆ ಬಂದ ಗೆಳತಿಯ ಎರಡೂ ಕೆನ್ನೆಗೆ ಮುತ್ತಿಟ್ಟು, ಆಡಿಗೆ ಹುಲ್ಲು ಹಾಕಬೇಕೆಂದು ಹೊರಗೆ ಹೋದರು.

ನಾನು ಅಂದುಕೊಂಡದ್ದು ಬೇರೆ. ನೆಂಟರು ಬರುತ್ತಾರೆ, ಅಳುತ್ತಾರೆ, ನಗುತ್ತಾರೆ, ಕತೆರಿನಾ ಮನೆಮನೆ ತಿರುಗುತ್ತಾರೆ ಎಂದು. ಅವರು ಅಂಗಳದ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಬಂದು ಮಾತಾಡಿಸಿದವರಿಗೆ ಒಂದೆರಡು ಮಾತಿನ ಉತ್ತರ. ನನ್ನ ಮೇಲೂ ಸಿಡುಕು. ಹೀಗೆ ಐದು ದಿನ. ನನಗೆ ಅಲ್ಲಿನ ಭಾಷೆಯ ಒಂದಕ್ಷರ ಗೊತ್ತಿಲ್ಲ. ಬೆಳಗಾದರೆ ಆಡಿನ ಜಾಡು ಹಿಡಿದು ಬೆಟ್ಟ ಹತ್ತುತ್ತಿದ್ದೆ. ಕಾಲಿಟ್ಟಲ್ಲೆಲ್ಲ ನೆಲಕ್ಕಂಟಿದ ಪೊದೆಗಳು ನುರಿದು ಅದೇ ವಾಸನೆ. ಮೇಲೆ ನಿಂತರೆ ಮೂರು ಕಡೆ ಸಮುದ್ರ, ಮನುಷ್ಯರ ಸುಳಿವಿಲ್ಲ, ಎಲ್ಲೋ ಕುತ್ತಿಗೆ ಗಂಟೆಯ ಸದ್ದು. ಹೇವರ್ಡ್‌ನ ರಸ್ತೆಯಲ್ಲಿ ನಡೆಯುವಾಗ ನನ್ನನ್ನು ಯಾರೂ ನೋಡುತ್ತಿಲ್ಲ ಎಂದು ದುಃಖವಾಗುತ್ತಿತ್ತು. ಇಲ್ಲಿ ನೋಡುವವರಿಲ್ಲದ್ದರಿಂದಲೇ ಕೂತು ಅತ್ತೆ. ಆರು ತಿಂಗಳಲ್ಲಿ ಮೊದಲ ಸಲ ಗಟ್ಟಿಯಾಗಿ ಅತ್ತೆ.

ಊರಿಗೆ ಇದ್ದದ್ದು ಕಾಫಿ ಅಂಗಡಿಯ ಒಂದೇ ಫೋನು. ಅನ್ವರ್‌ಗೆ ಮೂರು ಸಲ ಮಾಡಿದೆ, ಒಂದು ಸಲ ಸಿಕ್ಕರು. “ಊಟ ಆತ?” ಅಂದರು. ಆತು ಅಂದೆ. “ಅಲ್ಲಿ ಥಂಡಿ ಐತೇನು?” ಅಂದರು. ಗಾಳಿ ಐತಿ ಅಂದೆ. ಲೈನು ಕಟ್ಟಾಗುವ ತನಕ ಇಬ್ಬರೂ ಆ ಗಾಳಿಯನ್ನೇ ಕೇಳಿಸಿಕೊಂಡೆವು.

ಆರನೆಯ ದಿನ ಬೆಳಿಗ್ಗೆ ಕತೆರಿನಾ ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಂಡು, ಕೋಲು ಹಿಡಿದು, ನನ್ನನ್ನು ಬಾ ಎಂದರು. ಊರ ಕೆಳಗೆ, ಒಂದು ಪುಟ್ಟ ಚರ್ಚಿನ ಹಿಂದೆ, ಗೋಡೆ ಕಟ್ಟಿದ ಸ್ಮಶಾನ. ದಾರಿಯಲ್ಲಿ ನಿಂತು ನಿಂತು ಹೇಳಿದರು. ಪೀಟರ್‌ಗಿಂತ ಮೊದಲು ಒಂದು ಹೆಣ್ಣು ಕೂಸಾಗಿತ್ತು. ಹೆಸರು ಲೆಮೋನಿಯಾ. ಗಂಡ ಮುಂದಾಗಿ ಅಮೆರಿಕಕ್ಕೆ ಹೋಗಿದ್ದ. ಎಂಟು ತಿಂಗಳ ಕೂಸಿಗೆ ಚಳಿಗಾಲದಲ್ಲಿ ಜ್ವರ ಬಂತು, ಗಾಳಿಗೆ ಹಡಗು ನಿಂತಿತ್ತು, ಡಾಕ್ಟರು ಬರಲಿಲ್ಲ. ಮಣ್ಣು ಮಾಡಿ ನಲವತ್ತು ದಿನಕ್ಕೆ ಇವರ ಹಡಗಿನ ಟಿಕೆಟ್ ಬಂತು. ಹೋದರು. ಗಂಡ ಆ ಮಾತು ಮತ್ತೆ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಅಕ್ಕ ಇದ್ದಳೆಂದು ಪೀಟರ್‌ಗೆ ಗೊತ್ತಿಲ್ಲ.

ಗೇಟು ದಾಟಿ ಅವರು ಯಾರನ್ನೂ ಕೇಳದೆ ಗೋಡೆ ಬದಿಯ ಮೂರನೆಯ ಸಮಾಧಿಗೆ ಹೋದರು. ಅಲ್ಲಿ ಮೀಸೆ ಹೊತ್ತ ಯಾರದೋ ಫೋಟೋ ಇದ್ದ ಹೊಸ ಅಮೃತಶಿಲೆ ಇತ್ತು. ಅವರು ಆಶ್ಚರ್ಯಪಡಲಿಲ್ಲ. ಇಲ್ಲಿ ಮಣ್ಣು ಕಡಿಮೆ, ಕೆಲವು ವರ್ಷದ ಮೇಲೆ ಮೂಳೆ ತೆಗೆದು ತೊಳೆದು ಪೆಟ್ಟಿಗೆಯಲ್ಲಿ ಇಡುತ್ತಾರೆ, ಜಾಗ ಇನ್ನೊಬ್ಬರಿಗೆ ಎಂದರು. ತೊಳೆಯುವುದು ಮನೆಯವರ ಕೆಲಸ. ಮನೆಯವರು ಯಾರೂ ಇಲ್ಲದಿದ್ದರೆ? ಅವರು ಕೋಲಿನಿಂದ ಮೂಲೆಯ ಒಂದು ಕಲ್ಲು ಮುಚ್ಚಳವನ್ನು ತೋರಿಸಿದರು. ಎಲ್ಲರದನ್ನೂ ಒಟ್ಟಿಗೆ ಹಾಕುವ ಹೊಂಡ. ಐದು ದಿನ ಬೆಂಚಿನಿಂದ ಏಳದಿದ್ದುದು ಇದಕ್ಕೆ ಎಂದು ಆಗ ತಿಳಿಯಿತು.

ಪೆಟ್ಟಿಗೆಗಳಿದ್ದ ಕೋಣೆಯ ಬಾಗಿಲಿಗೆ ಬರಿ ಚಿಲಕ. ಕತೆರಿನಾ ಹೊಸ್ತಿಲ ಹೊರಗೇ ನಿಂತರು.

“ನೀನು ಓದು,” ಅಂದರು.

ಗಣಿತದ ಪುಸ್ತಕದಲ್ಲಿ ಕಂಡ ಗ್ರೀಕ್ ಅಕ್ಷರಗಳಷ್ಟೇ ನನಗೆ ಬರುತ್ತಿದ್ದದ್ದು. ಒಳಗೆ ಮರದ ಹಲಗೆಗಳ ಮೇಲೆ ಮರದ, ತಗಡಿನ ಪೆಟ್ಟಿಗೆಗಳು, ಒಂದೊಂದರ ಮೇಲೂ ಬಣ್ಣದಲ್ಲಿ ಬರೆದ ಹೆಸರು. ನೆಲಕ್ಕೆ ಕೂತು ಕೆಳಗಿನ ಸಾಲಿನಿಂದ ಶುರು ಮಾಡಿದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಬಳೆ ಪೆಟ್ಟಿಗೆಯಷ್ಟು ಸಣ್ಣದೊಂದು ದೊಡ್ಡ ಪೆಟ್ಟಿಗೆಗಳ ಸಂದಿಯಲ್ಲಿತ್ತು. ಮೊದಲ ಅಕ್ಷರ ಅಡಿಗೆರೆಯಿಲ್ಲದ ತ್ರಿಕೋನ. ಲ್ಯಾಮ್ಡಾ ಎಂದು ಕೂಗಿ ಹೇಳಿದೆ. ಎಪ್ಸಿಲಾನ್. ಮ್ಯೂ. ಬಾಗಿಲಲ್ಲಿ ಕೋಲು ಬಿದ್ದ ಸದ್ದಾಯಿತು.

ಹಿಂತಿರುಗಿ ನೋಡಿದರೆ ಕತೆರಿನಾ ಚೌಕಟ್ಟು ಹಿಡಿದು ನಿಂತಿದ್ದರು. ಅವರ ಹಿಂದೆ ಏದುಸಿರು ಬಿಡುತ್ತ ಅರ್ಗಿರೋ. ನಾವು ಇತ್ತ ಬಂದದ್ದು ಕಂಡು ಅರ್ಗಿರೋ ಹಿಂದೆಯೇ ಓಡಿಬಂದಿದ್ದರು. ಅಲ್ಲಿ ಅವರಿಬ್ಬರೂ ಆಡಿದ್ದನ್ನು ಕತೆರಿನಾ ಆಮೇಲೆ ನನಗೆ ಹೇಳಿದರು. ಮಣ್ಣು ತೆಗೆದ ದಿನ ಅರ್ಗಿರೋ ತಾನೇ ಹೋಗಿ ಕೂತು, ಆ ಸಣ್ಣ ಮೂಳೆಗಳನ್ನು ದ್ರಾಕ್ಷಾರಸದಲ್ಲಿ ತೊಳೆದು, ಗಂಡನ ಕೈಲಿ ಪೆಟ್ಟಿಗೆ ಮಾಡಿಸಿ, ಹೆಸರು ಬರೆಸಿದ್ದರು. ಶನಿವಾರಕ್ಕೊಮ್ಮೆ ದೀಪ ಹಚ್ಚುತ್ತ ಬಂದಿದ್ದರು. ಕತೆರಿನಾ ಬಾಣಂತಿತನದಲ್ಲಿ ಕಾಯಿಲೆ ಬಿದ್ದಾಗ ಎರಡು ತಿಂಗಳು ಆ ಕೂಸಿಗೆ ಹಾಲು ಕೊಟ್ಟವರು ಅರ್ಗಿರೋ. ನಮ್ಮಲ್ಲಿ ಹಾಲು ಕೊಟ್ಟವಳನ್ನು ತಾಯಿಯೆಂದೇ ಎಣಿಸುತ್ತಾರೆ. ಹಾಗಾಗಿ ನನಗೆ ಅದು ಬಿಡಿಸಿ ಹೇಳಬೇಕಾದ ಮಾತಾಗಿರಲಿಲ್ಲ.

ಕತೆರಿನಾ ಕೇಳಿದ್ದು ಒಂದೇ: “ಯಾಕೆ ಒಂದು ಕಾಗದ ಬರೆಯಲಿಲ್ಲ?”

“ನೀನು ಕೇಳಲಿಲ್ಲ,” ಎಂದರಂತೆ ಅರ್ಗಿರೋ. “ಮರೆಯಬೇಕು ಅಂತಿದ್ದೀಯ ಅಂದುಕೊಂಡೆ.”

ತಬ್ಬಿಕೊಳ್ಳುತ್ತಾರೆಂದು ನಾನು ಕಾದೆ. ಕತೆರಿನಾ ಕೋಲು ಎತ್ತಿಕೊಂಡು ಗೆಳತಿಯನ್ನು ದಾಟಿ, ಒಬ್ಬರೇ ಏರು ಹತ್ತಿ ಹೋದರು. ಮಧ್ಯಾಹ್ನ ಉಣ್ಣಲಿಲ್ಲ. ನಲವತ್ತನಾಲ್ಕು ವರ್ಷ ಆ ಹೊಂಡವನ್ನು ನೆನೆದು ಬೆಂದದ್ದು ಸುಮ್ಮನೆ ಬೆಂದದ್ದಾಯಿತಲ್ಲ ಎಂಬ ಸಿಟ್ಟು ಅದು. ಇಳಿಹೊತ್ತಿಗೆ ಅರ್ಗಿರೋ ಅಂಗಳದಲ್ಲಿ ಕೂತು ಮಡಿಲಲ್ಲಿ ಗೋಧಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಕತೆರಿನಾ ಬಂದು ಪಕ್ಕದಲ್ಲಿ ಕೂತು, ಕೇಳದೆ ಅರ್ಧ ಗೋಧಿಯನ್ನು ತಮ್ಮ ಮಡಿಲಿಗೆ ಸುರಿದುಕೊಂಡರು. ಕೊಳೆತ ಹಣ್ಣು ಆರಿಸಿದ ಆ ಬೆರಳುಗಳು ಈಗಲೂ ಚುರುಕಾಗಿದ್ದವು.

ಮರುದಿನ ಶನಿವಾರ, ಸತ್ತವರನ್ನು ನೆನೆಯುವ ದಿನ. ಊರ ಹೆಂಗಸರೆಲ್ಲ ಬೇಯಿಸಿದ ಗೋಧಿಯನ್ನು ಸಕ್ಕರೆ, ದ್ರಾಕ್ಷಿ ಹಾಕಿ ತಟ್ಟೆಗಳಲ್ಲಿ ತಂದಿದ್ದರು. ನಮ್ಮ ಗೋಧಿ ಹುಗ್ಗಿಗೆ ಬೆಲ್ಲ ಬೀಳುವ ಮೊದಲು ಇರುತ್ತದಲ್ಲ, ಥೇಟ್ ಹಾಗೆ. ಚರ್ಚಿನ ಹೊರಗಿನ ಕಟ್ಟೆಯ ಮೇಲೆ ಹಂಚುತ್ತಿದ್ದಾಗ ಅರ್ಗಿರೋ ನನ್ನ ಅಂಗೈಗೆ ಒಂದು ಚಮಚ ಹಾಕಿ ಏನೋ ಕೇಳಿದರು. ನಿನಗೆ ಮಕ್ಕಳೆಷ್ಟು ಎನ್ನುತ್ತಾಳೆ ಎಂದರು ಕತೆರಿನಾ. ಆ ಆರು ತಿಂಗಳಲ್ಲಿ ಧಾರವಾಡದಿಂದ ಫೋನಿನಲ್ಲಿ ಯಾರು ಕೇಳಿದರೂ ಇನ್ನೂ ಇಲ್ಲ ಎನ್ನುತ್ತಿದ್ದೆ. ಈಗ ಒಬ್ಬಳು, ಹೆಣ್ಣು ಅಂದೆ. ಕತೆರಿನಾ ಅದನ್ನು ಹಾಗೆಯೇ ಹೇಳಿದರು, ಏನೂ ಸೇರಿಸಲಿಲ್ಲ. ಅರ್ಗಿರೋ ನನ್ನ ಮುಖ ನೋಡಿ ಅಂಗೈಗೆ ಇನ್ನೊಂದು ಚಮಚ ಹಾಕಿದರು. ಹೆಸರೇನು ಎಂದು ಕೇಳಿದರು. ನಾನು ಅಂಗೈಯ ಗೋಧಿಯನ್ನು ಬಾಯಿಗೆ ಹಾಕಿಕೊಂಡೆ.

ಕತೆರಿನಾ ಆ ಪೆಟ್ಟಿಗೆಯನ್ನು ತರಲಿಲ್ಲ. ಇದ್ದಲ್ಲೇ ಇರಲಿ, ಅರ್ಗಿರೋ ಹತ್ತಿರ ಎಂದರು. ವಾಪಸು ಬಂದು ನಾಲ್ಕು ವರ್ಷಕ್ಕೆ ಹೇವರ್ಡ್‌ನಲ್ಲೇ ತೀರಿಕೊಂಡರು. ಪೀಟರ್‌ಗೆ ಹೇಳಿದರೋ ಇಲ್ಲವೋ, ನಾನು ಕೇಳಲಿಲ್ಲ.

ಏರ್‌ಪೋರ್ಟಿಗೆ ಅನ್ವರ್ ಬಂದಿದ್ದರು. ಎರಡೇ ವಾರದಲ್ಲಿ ಇಳಿದುಹೋಗಿದ್ದರು, ಅಥವಾ ನಾನು ಆರು ತಿಂಗಳಿಂದ ನೋಡಿಯೇ ಇರಲಿಲ್ಲ. ಕತೆರಿನಾ ಹಿಂದಿನ ಸೀಟಿನಲ್ಲಿ ಕೂತವರೇ ನಿದ್ದೆ ಹೋದರು. ಕೊಲ್ಲಿಯ ಮೇಲಿನ ಉದ್ದನೆಯ ಸೇತುವೆ ಹತ್ತಿದೆವು. ಹತ್ತಿದ ಮೇಲೆ ಆ ಕಡೆ ಮುಟ್ಟುವ ತನಕ ನಿಲ್ಲಲೂ ತಿರುಗಲೂ ಜಾಗವಿಲ್ಲ. ನಾನು ಎದುರಿನ ರಸ್ತೆ ನೋಡುತ್ತಲೇ ಕೇಳಿದೆ.

“ಎಲ್ಲಿ ಇಟ್ಟಾರ ಆಕಿನ್ನ?”

ಎರಡೂ ಬದಿಗೆ ನೀರು ಹಿಂದೆ ಸರಿಯುತ್ತಿತ್ತು.

“ಗೊತ್ತಿಲ್ಲ. ಕೇಳಾಕ ಧೈರ್ಯ ಆಗಲಿಲ್ಲ ನನಗ,” ಅಂದರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, “ಆವತ್ತ ನಿನ್ನ ರಕ್ತ ನಿಲ್ಲವಲ್ದು ಅಂತ ಡಾಕ್ಟರ್ ಹೇಳಿದ್ರು. ನೀನೂ ಹೋಗಿಬಿಡ್ತಿ ಅನಿಸಿತ್ತು. ನೀ ಒಬ್ಬಾಕಿ ಉಳದರ ಸಾಕು ಅಂತ, ಎಲ್ಲಿ ತೋರಿಸಿದ್ರ ಅಲ್ಲಿ ಸಹಿ ಮಾಡಿದೆ.”

ನಾನು ಸಾಯುವ ಹಾಗಿದ್ದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾರು ಹೇಳಬೇಕಿತ್ತು? ಹೇಳಬೇಕಾದವರ ಮುಖವನ್ನೇ ನಾನು ನೋಡುತ್ತಿರಲಿಲ್ಲ. ಸ್ಟೀರಿಂಗಿನ ಮೇಲಿದ್ದ ಅವರ ಕೈಯ ಮೇಲೆ ಕೈಯಿಡಬೇಕು ಅನ್ನಿಸಿತು, ಆದರೆ ಆರು ತಿಂಗಳ ಅಭ್ಯಾಸ ಬಿಡಲಿಲ್ಲ.

ಸೋಮವಾರ ಅವರು ರಜೆ ಹಾಕಿದರು. ಗೋದಾಮಿನಲ್ಲಿ ಜನರನ್ನು ಮನೆಗೆ ಕಳಿಸಲು ಶುರು ಮಾಡಿದ್ದರು, ಆ ಹೊತ್ತಿನಲ್ಲಿ ಯಾರೂ ರಜೆ ಕೇಳುತ್ತಿರಲಿಲ್ಲ. ಮರುವರ್ಷ ಕಂಪನಿಯೇ ಹೋಯಿತು, ನಾವು ಮಿಲ್ಪಿಟಾಸ್‌ಗೆ ಬಂದೆವು. ಆ ಸೋಮವಾರ ಆಸ್ಪತ್ರೆಯ ಕೌಂಟರಿನಲ್ಲಿದ್ದ ಹೆಂಗಸು ಕನ್ನಡಕವನ್ನು ಮೂಗಿನ ತುದಿಗಿಳಿಸಿ ನಮ್ಮ ಮಾತು ಪೂರ್ತಿ ಕೇಳಿದಳು. ತಾಯಿಯ ಹೆಸರು, ತಾರೀಖು ಕೇಳಿ ಬರೆದುಕೊಂಡಳು. ಆಮೇಲೆ ಮಗುವಿನ ಹೆಸರು ಕೇಳಿದಳು.

ಹೆಸರಿಟ್ಟಿರಲಿಲ್ಲ ಎನ್ನಲು ನಾನು ಬಾಯಿ ತೆರೆದೆ.

“ಸಬಾ,” ಅಂದರು ಅನ್ವರ್.

ಅವಳು ಸ್ಪೆಲಿಂಗು ಕೇಳಿದಳು. ಅವರು ನನ್ನ ಕಡೆ ನೋಡದೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಆ ಹೆಸರನ್ನು ಯಾವಾಗಿನಿಂದ ಒಳಗಿಟ್ಟುಕೊಂಡಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ.

ಇಂಥ ಕೂಸುಗಳನ್ನು ಮೂರು ತಿಂಗಳಿಗೊಮ್ಮೆ, ಗುಡ್ಡದ ಮೇಲಿನ ಸ್ಮಶಾನದಲ್ಲಿ, ಒಟ್ಟಿಗೆ ಮಣ್ಣು ಮಾಡುತ್ತಾರೆಂದು ಅವಳು ಹೇಳಿದಳು. ದಾರಿಯ ಗುರುತು ಬರೆದುಕೊಟ್ಟಳು. ನಾವು ಹೋದೆವು. ಒಂದು ಮೂಲೆಯಲ್ಲಿ ಹುಲ್ಲು, ನೆಲಮಟ್ಟದ ಒಂದು ಕಲ್ಲು, ಯಾರ ಹೆಸರೂ ಇಲ್ಲ. ಎಷ್ಟು ಮಕ್ಕಳೋ. ಕೆಳಗೆ ಗೋದಾಮುಗಳ ಬಿಳಿ ಚಾವಣಿಗಳು, ಅದರಾಚೆ ಕೊಲ್ಲಿಯ ನೀರು. ಅನ್ವರ್ ಬೂಟು ಬಿಚ್ಚಿ, ಅಂಗೈ ಎತ್ತಿ ಪ್ರಾರ್ಥನೆ ಹೇಳಿದರು. ನಾನೂ ಹೇಳಿದೆ. ಮುಗಿದ ಮೇಲೆ ಹೋಗೋಣ ಎನ್ನುತ್ತಾರೆ ಅಂದುಕೊಂಡೆ. ಅವರು ಹುಲ್ಲಿನ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, ಮೊದಲ ಸಲ ನನ್ನ ಕಡೆ ತಿರುಗಿ ಕೇಳಿದರು.

“ಆ ದ್ವೀಪ ಹ್ಯಾಂಗಿತ್ತು?”

ನಾನು ಅವರ ಪಕ್ಕದಲ್ಲಿ ಕೂತು, ಹಡಗು ಇಳಿದಲ್ಲಿಂದ ಹೇಳತೊಡಗಿದೆ.